ಹುಮನಾಬಾದಿನ ತೀರ್ಥ

ನಮ್ಮ ಓಣಿಯಲ್ಲಿ ನಾನು ಹರಕೆಯ ಹೆಂಗಸು ಎಂದು ಹೆಸರಾದದ್ದು ಭಕ್ತಿಯಿಂದಲ್ಲ, ನಾಚಿಕೆಯಿಂದ. ತಿಂಗಳಿಗೊಮ್ಮೆ ಕೈಚೀಲದಲ್ಲಿ ತೆಂಗಿನಕಾಯಿ ಹಾಕಿಕೊಂಡು ಬಸವಕಲ್ಯಾಣದಿಂದ ಹುಮನಾಬಾದಿನ ಬಸ್ಸು ಹತ್ತುತ್ತಿದ್ದೆ. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. "ವೀರಭದ್ರ ದೇವರಿಗೆ ಹರಕಿ ಹೊತ್ತೀನ್ರಿ." ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸಿರು ನಿಂತಿತ್ತು, ಆದ್ದರಿಂದ ಯಾರೂ ಮರುಮಾತು ಆಡುತ್ತಿರಲಿಲ್ಲ. ನಾನು ಹೋಗುತ್ತಿದ್ದದ್ದು ಸರಕಾರಿ ದವಾಖಾನೆಗೆ, ಎಚ್‌ಐವಿ ಗುಳಿಗೆ ತರುವುದಕ್ಕೆ.

ಗೊತ್ತಾದದ್ದು ನಮ್ಮೂರಲ್ಲೇ. ಬಸುರಿಯರಿಗೆಲ್ಲ ರಕ್ತ ತೆಗೆಯುತ್ತಾರಲ್ಲ, ನನಗೂ ತೆಗೆದರು. ಮರುದಿನ ಒಂದು ಸಣ್ಣ ಕೋಣೆಗೆ ಕರೆದು ಬಾಗಿಲು ಹಾಕಿದರು. ನನಗಿಂತ ಚಿಕ್ಕ ವಯಸ್ಸಿನ ಸಮಾಲೋಚಕಿ ಎದುರಿಗೆ ಕೂತು, ಸುತ್ತುಬಳಸು ಇಲ್ಲದೆ ಹೇಳಿದಳು. ನಮ್ಮ ಕಡೆ ಆ ರೋಗದ ಹೆಸರನ್ನು ಯಾರೂ ಬಾಯಲ್ಲಿ ತರುವುದಿಲ್ಲ, ದೊಡ್ಡ ಬ್ಯಾನಿ ಎನ್ನುತ್ತಾರೆ. ಅವಳು ಹೆಸರು ಹಿಡಿದೇ ಹೇಳಿದಳು. ಆಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಸಾಯುತ್ತೇನೆಂಬ ಭಯ ಆಮೇಲೆ ಬಂತು. ಮೊದಲು ಬಂದದ್ದು, ಈ ಕೋಣೆಗೆ ನಾನು ಬಂದದ್ದನ್ನು ಯಾರು ನೋಡಿದರೋ ಎಂಬ ಚಿಂತೆ.

"ನಾ ಯಾರ ಮನಿ ಹೊಸ್ತಿಲಾನೂ ತುಳದಾಕಿ ಅಲ್ಲ. ನಂಗ್ಯಾಕ ಬರ್ತದ?" ಎಂದು ಜಗಳಕ್ಕೇ ನಿಂತೆ.

"ಯಾರ ತಪ್ಪಂತ ನಾ ಕೇಳಾಕತ್ತಿಲ್ರಿ ಅಕ್ಕಾರ," ಎಂದಳು ಅವಳು. "ಗುಳಿಗಿ ಈಗ ಚಾಲೂ ಮಾಡ್ರಿ. ದಿನಾ ತಪ್ಪದಂಗ ತಗೊಂಡ್ರ ರಕ್ತದಾಗಿನ ವೈರಸ್ ಕಡಿಮಿ ಆಗ್ತದ. ಹುಟ್ಟಿದ ಮ್ಯಾಲ ಕೂಸಿಗೂ ಔಷಧ ಹಾಕೋದದ. ಎರಡೂ ಸರಿಯಾಗಿ ಮಾಡಿದ್ರ ಕೂಸಿಗೆ ಬರದಂಗ ತಡೀಬಹುದು. ಯಜಮಾನ್ರನ್ನೂ ಕರಕೊಂಡು ಬರ್ರಿ."

ಯಜಮಾನರದು ಬಟ್ಟೆ ಅಂಗಡಿ. ಚಾದರ, ಟವೆಲು ತರಲು ಸೋಲಾಪುರಕ್ಕೆ ಹೋಗುತ್ತಾರೆ, ಕೆಲವೊಮ್ಮೆ ಅಲ್ಲೇ ಉಳಿಯುತ್ತಾರೆ. ಹಿಂದಿನ ವರ್ಷ ಅವರ ಪಕ್ಕೆಗೆ ಸರ್ಪಸುತ್ತು ಎದ್ದಿತ್ತು. ಕೆಮ್ಮಣ್ಣಿನ ಜಾಜು ಬಳಿಸಿ, ಮಂತ್ರ ಹಾಕಿಸಿ, ನಾಗಪ್ಪನಿಗೆ ಹಾಲೆರೆದು ಸುಮ್ಮನಾದೆವು. ಆಮೇಲೆ ಬಿಟ್ಟು ಬಿಟ್ಟು ಜ್ವರ. ಬಾಯಲ್ಲಿ ಬಿಳಿ ಹುಣ್ಣು. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದರು. ಅಂಗಡಿಯ ಚಿಂತೆಗೆ ಸೊರಗಿದಾರೆ ಅಂದುಕೊಂಡು ನಾನು ಚಪಾತಿಗೆ ತುಪ್ಪ ಹೆಚ್ಚಿಗೆ ಸವರಿದೆ. ಈಗ ಪರೀಕ್ಷೆ ಮಾಡಿಸಿದರೆ ಅವರ ರಕ್ತದಲ್ಲೂ ಅದೇ ಬಂತು. ಮನೆಗೆ ಬಂದು ಗೋಡೆ ನೋಡುತ್ತಾ ಕೂತವರು ಒಂದೇ ಮಾತು ಆಡಿದರು. "ಸೋಲಾಪುರದಾಗ... ಹೋಗಿದ್ನಿ."

ಮಾಡಿದವರೊಬ್ಬರು, ಉಣ್ಣುವವರು ಮೂವರು. ತಾಟು ಎತ್ತಿ ಅವರ ತಲೆಗೆ ಬಡಿಯಬೇಕೆನ್ನಿಸಿತು. ಬಡಿಯಲಿಲ್ಲ, ಅನ್ನ ಬಡಿಸಿದೆ. ಅವರು ತಮ್ಮ ಗುಳಿಗೆಗೆ ಸೋಲಾಪುರವನ್ನೇ ಆರಿಸಿಕೊಂಡರು, ಅಲ್ಲಿ ತಮ್ಮನ್ನು ಯಾರೂ ಗುರುತಿಸುವುದಿಲ್ಲವಂತೆ. ಹೌದಲ್ಲ, ಗುರುತಿಸದ ಊರು ಎಂದೇ ಅಲ್ಲವೇ ಇದೆಲ್ಲ ಆದದ್ದು! ನಾನೇನು ಕಡಿಮೆ? ನಾನು ಹುಮನಾಬಾದನ್ನು ಆರಿಸಿಕೊಂಡೆ. ಅತ್ತೆಗೆ ಹೇಳಲು ಹರಕೆ ಹುಟ್ಟಿಸಿಕೊಂಡೆ.

ಅತ್ತೆ ಹರಕೆಯ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಮೊದಲ ಸಲ ಒಂದು ಕಾಯಿ ಕೊಟ್ಟರು. ಎರಡನೆಯ ಸಲ ಓಣಿಗೆಲ್ಲ ಸಾರಿದ್ದರು. ಒಬ್ಬಳ ಮಗಳಿಗೆ ಗಂಡು ಸಿಗಲಿ, ಮತ್ತೊಬ್ಬಳ ಮೊಣಕಾಲು ನೋವು ಹೋಗಲಿ ಎಂದು ಹೊರಡುವ ಮುಂಜಾನೆ ಮನೆಗೆ ತೆಂಗಿನಕಾಯಿ ಬರತೊಡಗಿದವು. "ನಿನ್ನ ಹರಕಿ ಜೋರದ ಅಂತವ್ವ, ನಮ್ಮದೂ ಒಂದು ಒಡಸ್ಕೊಂಡು ಬಾ." ಬಸುರಿ ನಾನು, ಚೀಲ ಹೊತ್ತು ಬಸ್ಸು ಹತ್ತುವಾಗ ಏದುಸಿರು. ಕಾಯಿ ಹಾಗೇ ಮರಳಿ ತರುವಂತಿಲ್ಲ, ಪ್ರಸಾದ ತರಬೇಕಲ್ಲ. ಹೀಗಾಗಿ ದವಾಖಾನೆ ಮುಗಿಸಿ ಖರೇನೇ ಗುಡಿಗೆ ಹೋಗಿ ಅಷ್ಟೂ ಕಾಯಿ ಒಡೆಸುತ್ತಿದ್ದೆ. ದೇವರ ಮುಂದೆ ಕಣ್ಣು ಎತ್ತುತ್ತಿರಲಿಲ್ಲ.

ಒಮ್ಮೆ ಗುಳಿಗೆಯ ಸಾಲಿನಲ್ಲಿ ನನ್ನ ಮುಂದಿನ ಹೆಂಗಸಿನ ಚೀಲದ ಹಿಡಿ ಹರಿಯಿತು. ಒಳಗಿಂದ ತೆಂಗಿನಕಾಯಿಯೊಂದು ಉರುಳಿ ನನ್ನ ಕಾಲಿಗೆ ಬಂದು ನಿಂತಿತು. ಎತ್ತಿ ಕೊಡಲು ಬಗ್ಗಿದರೆ ನನ್ನ ಚೀಲದ ಕಾಯಿಯೂ ಇಣುಕಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ನಿಮ್ಮದೂ ಹರಕಿ ಏನ್ರಿ?" ನನಗೆ ನಗು ಬರಲಿಲ್ಲ, ಕಿವಿ ಬಿಸಿಯಾಯಿತು. ಅವಳಿಗೂ ನನಗೂ ಒಂದೇ ಕಥೆ ಎಂದು ಒಪ್ಪಿಕೊಳ್ಳುವುದಕ್ಕೂ ನನಗೆ ನಾಚಿಕೆ. ಮುಖ ತಿರುವಿದೆ.

ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಊಟವಾದ ಮೇಲೆ, ದೇವರ ಜಗಲಿಯ ಹಿಂದೆ ನಿಂತು ನುಂಗುತ್ತಿದ್ದೆ. ಮಗಳು ಹುಮನಾಬಾದಿನಲ್ಲೇ ಹುಟ್ಟಿದಳು. ದೇವರ ಊರಲ್ಲೇ ಹೆರಬೇಕೆಂದು ಹರಕೆ ಎಂದಿದ್ದೆ, ತಾಯಿ ಇಲ್ಲದ ತವರು ಹೇಗೂ ಕರೆದಿರಲಿಲ್ಲ. ಕೂಸಿಗೆ ದಿನಾ ಕುಡಿಸಲು ಒಂದು ಸೀಸೆ ಔಷಧ ಕೊಟ್ಟರು. ಹಾಲಿನಂಥ ಬಿಳಿ. ಸೂಜಿಯಿಲ್ಲದ ಸಿರಿಂಜಿನಲ್ಲಿ ಗೆರೆ ತೋರಿಸಿ, "ಇಷ್ಟೇ, ಹೆಚ್ಚಲ್ಲ ಕಡಿಮಿ ಅಲ್ಲ. ಎದಿಹಾಲು ಬಿಟ್ರ ಬ್ಯಾರೇ ಏನೂ ಬ್ಯಾಡ. ಜೇನಲ್ಲ, ಬೇರು ತೇಯ್ದ ಗುಟ್ಟಿ ಅಲ್ಲ, ನೀರೂ ಅಲ್ಲ," ಎಂದು ಅಲ್ಲಿಯ ಸಮಾಲೋಚಕಿ ಎರಡೆರಡು ಸಲ ಹೇಳಿದಳು. ನನ್ನ ಮಗಳ ರಕ್ತಕ್ಕೆ ಆ ಬ್ಯಾನಿ ಇಳಿಯದಂತೆ ಕಾಯಲು ನನ್ನ ಕೈಯಲ್ಲಿ ಇದ್ದದ್ದು ನನ್ನ ಗುಳಿಗೆ ಮತ್ತು ಆ ಸೀಸೆ.

ಆ ಸೀಸೆಯನ್ನು ನಾನು ಏನು ಮಾಡಿದೆ? ಬಿಸಿನೀರು ಹಾಕಿ ಚೀಟಿ ಕಿತ್ತೆ. ಓದು ಬಂದ ಯಾರಾದರೂ ಹೆಸರು ನೋಡಿದರೆ ಇಜ್ಜತ್ ಹೋಯಿತಲ್ಲ! ಅತ್ತೆ ಬೇರೆ, ಹಸುಗೂಸಿಗೆ ದವಾಖಾನೆ ಔಷಧ ಹಾಕಲು ಬಿಡುವವರಲ್ಲ, ಜೇನುತುಪ್ಪ ಹಿಡಿದೇ ಕೂತಿದ್ದರು. ಆದ್ದರಿಂದ ಹೇಳಿದೆ, "ಅತ್ತಿ, ಇದು ವೀರಭದ್ರನ ತೀರ್ಥ. ಇದು ಮುಗಿಯೋತನಕ ಕೂಸಿಗೆ ಎದಿಹಾಲು ಬಿಟ್ಟು ಬ್ಯಾರೇ ಏನೂ ಹಾಕಬಾರ್ದಂತ ಹರಕಿ."

ಅತ್ತೆ ಎರಡೂ ಕೈಯಲ್ಲಿ ಸೀಸೆ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು ಜಗಲಿಯ ಮೇಲೆ ಇಟ್ಟರು. ಜೇನುತುಪ್ಪ ಒಳಗೆ ಹೋಯಿತು. ನಾನು ಎಷ್ಟು ಶಾಣ್ಯಾಕಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪಕ್ಕದ ಮನೆಯ ಸೊಸೆಗೂ ಆಗಲೇ ಎರಡನೆಯ ಹೆರಿಗೆ, ಗಂಡುಕೂಸು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಅವಳ ಕೂಸು ಹಾಲು ಸರಿಯಾಗಿ ಕುಡಿಯುವುದಿಲ್ಲ, ಅಳುತ್ತಲೇ ಇರುತ್ತದೆ ಎಂಬುದು ಗೋಡೆಯಾಚೆಯಿಂದಲೇ ಕೇಳುತ್ತಿತ್ತು. ಅತ್ತೆ ಬೆಳಿಗ್ಗೆ ಒಮ್ಮೆ ಅಲ್ಲಿಗೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ ಬರುತ್ತಿದ್ದರು. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಒಂದು ಬೆಳಿಗ್ಗೆ ಸಿರಿಂಜಿಗೆ ಔಷಧ ಎಳೆದರೆ ಬಿಳಿ ಬಣ್ಣವೇ ಇಲ್ಲ. ಮಜ್ಜಿಗೆ ತೊಳೆದ ನೀರಿನ ಹಾಗೆ ತೆಳ್ಳಗೆ. ಸೀಸೆ ಬೆಳಕಿಗೆ ಹಿಡಿದೆ. ಇಷ್ಟು ದಿನ ಕುಡಿಸಿದ ಮೇಲೆ ಅರ್ಧಕ್ಕೆ ಇಳಿಯಬೇಕಾಗಿದ್ದ ಔಷಧ ಕೊರಳ ತನಕ ಇತ್ತು. ಸಿರಿಂಜು ಕೆಳಗಿಟ್ಟೆ.

"ಅತ್ತೀ, ಸೀಸಿದಾಗ ಏನ್ ಹಾಕೀರಿ?"

ಅತ್ತೆ ಒಲೆಯ ಮುಂದಿನಿಂದಲೇ ಹೇಳಿದರು, "ನೀರು ಹಾಕೀನವ್ವ. ಬಾಜೂ ಮನಿ ಕೂಸು ಭಾಳ ಅಳ್ತಿತ್ತು, ದಿನಾ ನಾಕು ಹನಿ ಅದರ ನಾಲಿಗಿಗಿ ಹಚ್ಚಿ ಬರ್ತೀನಿ. ತೀರ್ಥ ನಮ್ಮಷ್ಟಕ್ಕ ನಾವಽ ಇಟ್ಕೋಬಾರ್ದು. ನಿನಗ ಕಡಿಮಿ ಬೀಳಬಾರ್ದಂತ ಬಿಂದಿಗಿ ನೀರು ಕೂಡಿಸಿ ಇಟ್ಟೀನಿ. ತೀರ್ಥಕ್ಕ ನೀರು ಬೆರಸಿದ್ರ ನೀರೂ ತೀರ್ಥನ ಆಗ್ತದ."

ತಪ್ಪೇನು ಹೇಳಿದರು? ನಮ್ಮ ಮನೆಯಲ್ಲಿ ತೀರ್ಥ ಮುಗಿಯುವುದೇ ಇಲ್ಲ. ತಂಬಿಗೆಯ ತಳದಲ್ಲಿ ಒಂದು ಗುಟುಕು ಉಳಿದರೂ ಅದಕ್ಕೆ ನೀರು ಸುರಿದು ಬಂದವರಿಗೆಲ್ಲ ಕೊಡುವುದೇ ರೂಢಿ. ಅದನ್ನು ನಾನೂ ಎಷ್ಟೋ ಸಲ ಮಾಡಿದ್ದೇನೆ. ಅತ್ತೆ ಧರ್ಮ ಮಾಡಿದ್ದರು. ಸೀಸೆಗೆ ತೀರ್ಥ ಎಂದು ಹೆಸರಿಟ್ಟವಳು ನಾನು.

ತಲೆ ತಲೆ ಬಡಿದುಕೊಂಡೆ. "ಅಯ್ಯೋ ಅತ್ತೀ, ಅದು ತೀರ್ಥ ಅಲ್ಲ! ದೊಡ್ಡ ಬ್ಯಾನಿ ಔಷಧ! ನನಗದ, ನಿಮ್ಮ ಮಗನಿಗದ. ಕೂಸಿಗೆ ಬರಬಾರ್ದಂತ ಕೊಟ್ಟ ಔಷಧಕ್ಕ ನೀರು ಹಾಕೀರಲ್ರಿ!"

ಅತ್ತೆಯ ಕೈಯ ಸೌಟು ಒಲೆಯ ಪಕ್ಕ ಬಿತ್ತು. ಆಮೇಲೆ ಎದ್ದು ಕೈ ತೊಳೆದರು, ಮೊಣಕೈವರೆಗೂ, ಸಾಬೂನು ಹಚ್ಚಿ. ನನ್ನ ಎದುರಿಗೇ. ಅದನ್ನು ನೋಡುತ್ತಾ ನಾನು ನೆಲಕ್ಕೆ ಇಳಿದುಹೋದೆ. ಬಂದ ಮೊದಲ ಮಾತೂ ಒಳ್ಳೆಯದಾಗಿರಲಿಲ್ಲ. "ಬಾಯಿ ಮುಚ್ಚು. ಬಾಜೂ ಮನಿಯಾಕಿಗೆ ಹೇಳಬ್ಯಾಡ. ನಾಕು ಹನಿಗೆ ಏನಾಗ್ತದ?"

ಹುಮನಾಬಾದಿನ ಸಮಾಲೋಚಕಿಗೆ ಫೋನು ಹಚ್ಚಿದೆ. ಅವಳೂ ಒಮ್ಮೆ ರೇಗಿದಳು. "ಚೀಟಿ ಯಾಕ ಕಿತ್ತಿದ್ರಿ?" ಎಂದಳು. ಆಮೇಲೆ, "ಎರಡೂ ಕೂಸು ಕರಕೊಂಡು ಈಗಿಂದೀಗ ಬರ್ರಿ," ಎಂದಳು. ಎರಡೂ ಕೂಸು. ಅಂದರೆ ಪಕ್ಕದ ಮನೆಗೆ ಹೋಗಿ ಬಾಯಿ ಬಿಡಲೇಬೇಕು.

ನಮ್ಮ ಹೊಸ್ತಿಲಿಗೂ ಅವರ ಹೊಸ್ತಿಲಿಗೂ ನಡುವೆ ಒಂದು ಕಸಬರಿಗೆ ಇಡುವಷ್ಟು ಜಾಗ. ಅದನ್ನು ದಾಟುವುದಕ್ಕೆ ನನಗೆ ಹುಮನಾಬಾದಿಗೆ ನಡೆದು ಹೋದಷ್ಟು ದಣಿವಾಯಿತು. ಅವಳು ಮಗನಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ, ಹೆಸರು ಹಿಡಿದೇ ಹೇಳಿದೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು.

"ನಿಮ್ಮ ಬ್ಯಾನಿ ಔಷಧ ನನ್ನ ಮಗನ ಬಾಯಾಗಾ? ತೀರ್ಥ ಅಂದ್ರಿ! ದೇವರ ಹೆಸರು ಹೇಳಿದ್ರಿ! ನಾಚಿಕಿ ಬರಲಿಲ್ಲೇನು ನಿಮಗ?"

ಬಂದಿತ್ತು. ಅದೊಂದೇ ಬಂದಿತ್ತು, ಅದರಿಂದಲೇ ಇಷ್ಟೆಲ್ಲ ಆಯಿತು ಎಂದು ಹೇಳಬೇಕೆನ್ನಿಸಿತು. ಆದರೆ ತಲೆ ಬಗ್ಗಿಸಿ, "ಜಲ್ದಿ ಹೊರಡು ತಂಗಿ," ಎಂದೆ.

ಬಸ್ಸಿನಲ್ಲಿ ಅವಳು ಮುಂದಿನ ಸೀಟು, ನಾನೂ ಅತ್ತೆಯೂ ಹಿಂದೆ. ಪರಿಚಯದವರೊಬ್ಬರು, "ಎರಡೂ ಕೂಸಿನ ಹರಕಿ ಒಮ್ಮೆಲೇ ಏನವ್ವ?" ಎಂದರು. ಅವಳು ಕಿಟಕಿಯಾಚೆ ನೋಡಿದಳು, ನಾನು ಮಗಳ ಕುಲಾಯಿ ಸರಿಮಾಡಿದೆ.

ಡಾಕ್ಟರು ಪಕ್ಕದ ಮನೆಯ ಕೂಸನ್ನು ಅಡಿಯಿಂದ ಮುಡಿವರೆಗೆ ನೋಡಿದರು. ನಾಲಿಗೆಗೆ ಹಚ್ಚಿದ ನಾಕು ಹನಿಯಿಂದ ಏನೂ ಆಗಿಲ್ಲ, ಮೈಮೇಲೆ ಗುಳ್ಳೆ ಎದ್ದರೆ ತಕ್ಷಣ ತರಬೇಕು ಎಂದರು. "ಔಷಧ ಕುಡದ್ರ ಬ್ಯಾನಿ ಹತ್ತಂಗಿಲ್ಲೇನ್ರಿ?" ಎಂದು ಅವಳು ಅಳುತ್ತಾ ಕೇಳಿದಳು. "ಇಲ್ಲವ್ವ," ಎಂದಳು ಸಮಾಲೋಚಕಿ. "ಔಷಧದಿಂದ ಹತ್ತಂಗಿಲ್ಲ. ಇವರನ್ನ ಮುಟ್ಟಿದ್ರ, ಒಂದೇ ತಾಟಿನಾಗ ಉಂಡ್ರ, ಒಂದೇ ಗ್ಲಾಸಿನಾಗ ನೀರು ಕುಡದ್ರನೂ ಹತ್ತಂಗಿಲ್ಲ. ನಿರೋಧ ಇಲ್ದ ಕೂಡಿದ್ರ, ಪರೀಕ್ಷಾ ಮಾಡದ ರಕ್ತ ಏರಿಸಿದ್ರ, ಒಬ್ಬರಿಗೆ ಚುಚ್ಚಿದ ಸೂಜಿ ಮತ್ತೊಬ್ಬರಿಗೆ ಚುಚ್ಚಿದ್ರ, ಇಲ್ಲಾ ತಾಯಿಯಿಂದ ಕೂಸಿಗೆ, ಹಿಂಗಷ್ಟೇ." ಈ ಮಾತು ಕೇಳುವಾಗ ಅತ್ತೆ ತಮ್ಮ ಕೈಗಳನ್ನು ನೋಡಿಕೊಂಡರು, ಬೆಳಿಗ್ಗೆ ತೊಳೆದ ಕೈಗಳನ್ನು.

ನನ್ನ ಮಗಳ ಬಗ್ಗೆ ಯಾರೂ ಭರವಸೆ ಕೊಡಲಿಲ್ಲ. ಹೊಸ ಸೀಸೆ ಕೊಟ್ಟರು. "ನಿಮ್ಮ ಗುಳಿಗಿ ತಪ್ಪಿಲ್ಲಲ್ಲ, ಅದೇ ದೊಡ್ಡ ಆಧಾರ. ಕೂಸಿನ ರಕ್ತ ಕಳಸ್ತೀವಿ. ಈಗೊಮ್ಮೆ, ನಡುವೆ ಮತ್ತ, ಕಡೀಗೆ ಒಂದೂವರೆ ವರ್ಷಕ್ಕ. ಆಗ ಖರೇ ಗೊತ್ತಾಗೋದು. ಕಾಯಬೇಕು." ಸಣ್ಣ ಹಿಮ್ಮಡಿಗೆ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಇಳಿಸಿದರು. ಮಗಳು ಕಿರುಚಿದಳು. ಆ ನೀರು ಬೆರೆಸಿದವರು ಅತ್ತೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ, ನನ್ನ ಕೈಯೇ ಬಿಂದಿಗೆ ಹಿಡಿದಂತೆ ಕಂಡಿತು.

ಹೊಸ ಸೀಸೆಯ ಚೀಟಿ ಕೀಳಲಿಲ್ಲ. ಜಗಲಿಯ ಮೇಲಲ್ಲ, ಅಡುಗೆಮನೆಯ ಗೂಡಿನಲ್ಲಿ ಇಟ್ಟೆ, ಹೆಸರು ಕಾಣುವಂತೆ. ಅತ್ತೆ ಒಂದೆರಡು ದಿನ ನನ್ನ ಗ್ಲಾಸು ಬೇರೆ ಇಟ್ಟರು. ಆಮೇಲೆ ಒಂದು ಮಧ್ಯಾಹ್ನ ಅದೇ ಗ್ಲಾಸಿನಲ್ಲಿ ತಾವೇ ನೀರು ಕುಡಿದು ಎಲ್ಲದರ ಜೊತೆ ಬೋರಲು ಹಾಕಿದರು. ಮಗನ ಜೊತೆ ಮಾತ್ರ ಮಾತು ಬಿಟ್ಟರು. ನಾನಾದರೂ ಯಜಮಾನರಿಗೆ, "ಗುಳಿಗಿ ನುಂಗಿದ್ರೇನು?" ಎಂದು ದಿನಕ್ಕೊಂದು ಮಾತು ಕೇಳುತ್ತಿದ್ದೆ. ಅವರೂ ನನಗೆ ಅದನ್ನೇ ಕೇಳುತ್ತಿದ್ದರು. ನಮ್ಮ ಸಂಸಾರ ಎಷ್ಟೋ ದಿನ ಅಷ್ಟು ಮಾತಿನ ಮೇಲೇ ನಡೆಯಿತು.

ಮುಂದಿನ ತಿಂಗಳು ಹುಮನಾಬಾದಿಗೆ ಹೊರಟಾಗ ಓಣಿಯಿಂದ ಒಂದೂ ತೆಂಗಿನಕಾಯಿ ಬರಲಿಲ್ಲ.

ಗೊತ್ತಾಗಿಹೋಗಿತ್ತು. ಯಾರೂ ಏನೂ ಕೇಳಲಿಲ್ಲ, ಯಾರೂ ಬೈಯಲಿಲ್ಲ. ನಳದ ಹತ್ತಿರ ನನ್ನ ಕೊಡಕ್ಕೆ ದಾರಿ ಬಿಡುವುದು ಮಾತ್ರ ಹೆಚ್ಚಾಯಿತು, ದೊಡ್ಡವರಿಗೆ ಬಿಡುವಂತೆ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಹೇಳಿದವಳು ಪಕ್ಕದ ಮನೆಯವಳೇ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಅವಳಲ್ಲದೆ ಮತ್ಯಾರಿಗೆ ಗೊತ್ತಿತ್ತು? ಅವಳ ಬಾಗಿಲು ತೆರೆದಾಗ ನನ್ನ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವಳ ಮಗ ತೆವಳಿಕೊಂಡು ನಮ್ಮ ಹೊಸ್ತಿಲಿಗೆ ಬಂದರೆ ಎತ್ತಿ ಆಚೆ ಇಟ್ಟು ಬರುತ್ತಿದ್ದೆ, ಮುಖ ನೋಡದೆ. ನನ್ನನ್ನು ಮುಟ್ಟಬಾರದವಳು ಎಂದು ಅವರು ತಿಳಿದಿದ್ದಾರೆ ಎಂಬ ಸಿಟ್ಟಿಗೆ ನಾನೇ ಯಾರನ್ನೂ ಮುಟ್ಟದವಳಾದೆ.

ಮೊದಲ ಪರೀಕ್ಷೆ ಚೆನ್ನಾಗಿ ಬಂತು, ನಡುವಿನವೂ ಬಂದವು. ಪ್ರತಿ ಸಲವೂ, "ಇನ್ನೂ ಕಡೇದು ಅದರಿ," ಎನ್ನುತ್ತಿದ್ದಳು ಸಮಾಲೋಚಕಿ. ಮಗಳಿಗೆ ಸಣ್ಣ ಜ್ವರ ಬಂದರೂ ನನಗೆ ಆ ತೆಳ್ಳಗಿನ ನೀರು ಕಣ್ಣಿಗೆ ಕಟ್ಟುತ್ತಿತ್ತು. ಭೇದಿಯಾದರೆ ಅದೇ, ಬಾಯಲ್ಲಿ ಹಾಲಿನ ಕೆನೆ ಅಂಟಿದ್ದರೆ ಅದೇ, ಬೆರಳಿನಿಂದ ಒರೆಸಿದರೆ ಹೋಗುತ್ತದೋ ಇಲ್ಲವೋ ನೋಡುತ್ತಿದ್ದೆ. ಕಡೆಯ ಪರೀಕ್ಷೆಯ ದಿನ ಅತ್ತೆಯೂ ಬಂದರು. "ಇಲ್ಲ. ನಿಮ್ಮ ಮಗಳಿಗೆ ಇಲ್ಲ. ಪೂರ್ಣ ಇಲ್ಲ," ಎಂದು ಸಮಾಲೋಚಕಿ ಹೇಳಿದಾಗ ನಾನು ಅಲ್ಲೇ ನೆಲದ ಮೇಲೆ ಕೂತೆ. ಮಗಳು ನನ್ನ ಬಳೆ ಎಳೆಯುತ್ತಿದ್ದಳು.

ಸಂತೋಷದ ಸುದ್ದಿ ಬಂದರೆ ನಮ್ಮಲ್ಲಿ ಸಕ್ಕರೆ ಹಂಚುತ್ತಾರೆ. ನಾನು ಯಾರಿಗೆ ಹಂಚಲಿ? ಈ ಸುದ್ದಿ ಹೇಳಬೇಕಾದರೆ ಆ ಸುದ್ದಿಯನ್ನೂ ಹೇಳಬೇಕು. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಅತ್ತೆ ಮಾತ್ರ ಚಪ್ಪಲಿ ಬಿಟ್ಟವರೇ ಡಬ್ಬಿ ಇಳಿಸಿ, ಹಳೆಯ ಕಾಗದ ಹರಿದು, ಸಕ್ಕರೆಯ ಪುಡಿಕೆ ಕಟ್ಟತೊಡಗಿದರು.

"ಯಾಕಂತ ಕೇಳಿದ್ರ ಏನ್ ಹೇಳ್ತೀರಿ ಅತ್ತಿ? ಹರಕಿ ಮುಟ್ಟಿತು ಅನ್ರಿ."

"ಹರಕಿ ಸುಡು," ಎಂದರು ಅತ್ತೆ. "ಮಾನ ಮುಚ್ಚಾಕ ಹೋಗಿ ಕೂಸಿನ ಜೀವಕ್ಕ ನೀರು ಹಾಕಿದ್ವಿ. ಇನ್ನ ಏನ್ ಮುಚ್ಚೂದು?"

ಅವರು ಪ್ರತಿ ಬಾಗಿಲಿಗೂ ಹೋದರು. ನಾನು ಕಿಟಕಿಯ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. "ನಮ್ಮ ಸೊಸಿಗೆ ದೊಡ್ಡ ಬ್ಯಾನಿ ಅದ, ಮಗನಿಗೂ ಅದ. ಗುಳಿಗಿ ತಗೊಂಡು ಗಟ್ಟಿಯಾಗಿ ಅದಾರ. ಮಮ್ಮಗಳಿಗೆ ಇಲ್ಲಂತ ಇವತ್ತು ಡಾಕ್ಟರ್ ಹೇಳಿದ್ರು. ತಗೋರಿ, ಸಕ್ಕರಿ." ಒಂದೊಂದು ಬಾಗಿಲಿಗೂ ಅದೇ ಮಾತು, ಅದೇ ಧ್ವನಿ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಎಲ್ಲರೂ ಪುಡಿಕೆ ಇಸಿದುಕೊಂಡರು. "ಛಲೋ ಆತು ಬಿಡ್ರಿ," ಎಂದರು. ಅತ್ತೆ ಖಾಲಿ ತಾಟು ಹಿಡಿದು ಖುಷಿಯಿಂದ ಮರಳಿದರು.

ಮರುದಿನ ಮುಂಜಾನೆ ಕಸ ಹೊಡೆಯಲು ಹೊರಗೆ ಬಂದೆ. ಎದುರುಮನೆಯ ಗಟಾರದ ಅಂಚಿಗೆ ಕಪ್ಪಗೆ ಇರುವೆ ಮುತ್ತಿದ್ದವು. ನೋಡಿದರೆ ನಮ್ಮ ಕಾಗದದ ಪುಡಿಕೆ. ಅದರಾಚೆಯ ಮನೆಯ ಮುಂದೆಯೂ ಇರುವೆ. ಅದರಾಚೆಯೂ. ಕೈಯಲ್ಲಿ ಇಸಿದುಕೊಂಡರೇ ಹೊರತು ಬಾಯಿಗೆ ಹಾಕಿಕೊಂಡಿರಲಿಲ್ಲ. ಅತ್ತೆ ಬಂದು ನೋಡಿ, "ಇರಲಿ ಬಿಡವ್ವ, ಇರುವಿಗಾದ್ರೂ ಸಿಕ್ಕಿತು," ಎಂದು ಒಳಗೆ ಹೋದರು. ಅವರ ಧ್ವನಿ ಮಾತ್ರ ನೆಟ್ಟಗಿರಲಿಲ್ಲ.

ನನಗೆ ತಲೆ ಕೆಟ್ಟಿತು. ಪಕ್ಕದ ಮನೆಯವಳದೂ ನೋಡಿಯೇ ಬಿಡೋಣ ಎಂದು ಕಸಬರಿಗೆ ಹಿಡಿದೇ ಅವಳ ಹೊಸ್ತಿಲಿಗೆ ಹೋದೆ. ಮೊದಲು ಎಸೆದವಳು ಅವಳೇ ಆಗಿರಬೇಕು! ಗಟಾರ ನೋಡಿದೆ. ಮೆಟ್ಟಿಲ ಸಂದಿ ನೋಡಿದೆ. ತುಳಸಿಕಟ್ಟೆಯ ಹಿಂದೆ ಬಗ್ಗಿ ನೋಡಿದೆ. ಒಂದೂ ಇರುವೆ ಇಲ್ಲ. ಬಗ್ಗಿದವಳು ಹಾಗೇ ಇದ್ದಾಗ ಬಾಗಿಲು ತೆರೆಯಿತು.

"ಏನ್ ಹುಡುಕಾಕತ್ತೀರಿ ಅಕ್ಕಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. "ಏನಿಲ್ಲ... ಏನೋ ಬಿದ್ದಿತ್ತು," ಎಂದೆ. ಅವಳ ಕೈಯಲ್ಲಿ ಚಹಾದ ಬಟ್ಟಲು. ಮಗ ಅವಳ ಸೀರೆ ಹಿಡಿದು ನಿಂತಿದ್ದ, ತುಟಿಯ ಸುತ್ತ ಸಕ್ಕರೆಯ ಹರಳು.

"ನಿಮ್ಮನಿ ಆಯಿ ಕೊಟ್ಟ ಸಕ್ಕರಿ ಇವನ ಬಾಯಾಗ ಒಂಚೂರು ಹಾಕಿ, ಉಳದದ್ದು ಚಹಾಕ್ಕ ಹಾಕೀನಿ," ಎಂದಳು. ಆಮೇಲೆ ನನ್ನ ಮುಖ ನೋಡಿ ನಿಧಾನ ಹೇಳಿದಳು. "ನಾ ಯಾರ ಮುಂದನೂ ಬಾಯಿ ಬಿಟ್ಟಿಲ್ಲಕ್ಕಾ. ಅವತ್ತು ಬಸ್ಸಿಳದು ಗುಡಿ ಬಿಟ್ಟು ದವಾಖಾನಿಗೆ ಹೋದದ್ದು ಎಲ್ಲಾರೂ ನೋಡಿದ್ರಲ್ಲ. ನೀವಽ ಬಾಗಿಲ ಹಾಕೊಂಡ್ರಿ."

ಅವಳು ಬಟ್ಟಲು ನನ್ನ ಕಡೆ ಚಾಚಿದಳು. ತಾನು ಕುಡಿಯುತ್ತಿದ್ದ ಬಟ್ಟಲು. ದವಾಖಾನೆಯ ಕೋಣೆಯಲ್ಲಿ ಸೆರಗು ಎಳೆದುಕೊಂಡಾಗ, ಅತ್ತೆ ಕೈ ತೊಳೆದಾಗ, ಅವಳೇ ನನ್ನನ್ನು ಬೈದಾಗ ಆಗದಷ್ಟು ನಾಚಿಕೆ ನನಗೆ ಆಗ ಆಯಿತು. ಕಸಬರಿಗೆ ಕೆಳಗಿಟ್ಟು ಎರಡೂ ಕೈಯಿಂದ ಬಟ್ಟಲು ಇಸಿದುಕೊಂಡೆ. ಚಹಾ ಬಹಳ ಸಿಹಿಯಾಗಿತ್ತು, ಪೂರಾ ಕುಡಿದೆ.